ಭಂಗಾರವೂ ಬಂಗಾರವೂ

ನಾನು ಕಲಿತ ಶಾಲೆಯಲ್ಲಿ ಜೂನ್ ತಿಂಗಳ ಮೊದಲ ವಾರದಲ್ಲಿ ತಪ್ಪದೆ ನಡೆಯುತ್ತಿದ್ದ ಒಂದು ಕೆಲಸವಿತ್ತು: ಕರಿಹಲಗೆಗೆ ಮಸಿ ಬಳಿಯುವುದು. ಹುಡುಗರೆಲ್ಲ ತಮ್ಮ ತಮ್ಮ ಮನೆಯಿಂದ ಮುಗಿದುಹೋದ ಟಾರ್ಚಿನ ಸೆಲ್ಲುಗಳನ್ನು ತರಬೇಕು. ಅವನ್ನು ಕಲ್ಲಿನ ಮೇಲಿಟ್ಟು ಜಜ್ಜಬೇಕು. ಒಳಗಿನ ಕರಿಯ ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಹಲಗೆಗೆ ಸವರಬೇಕು. ನಡುವೆ ಸಿಗುವ ಇದ್ದಲಿನ ಕಡ್ಡಿ ಜಜ್ಜಿದವನ ಸ್ವತ್ತು. ಮೊಣಕೈವರೆಗೂ ಕಪ್ಪಾದ ಕೈಯನ್ನು ಅರೆಬರೆ ತೊಳೆದು ಅದೇ ಕೈಯಿಂದ ಬುತ್ತಿ ಬಿಚ್ಚುತ್ತಿದ್ದೆವು. ಆ ಪುಡಿ ಮ್ಯಾಂಗನೀಸ್ ಎಂಬ ಲೋಹದ ಆಕ್ಸೈಡೆಂದೂ, ಅದು ಮಕ್ಕಳು ಜಜ್ಜಿ ಆಡುವ ವಸ್ತುವಲ್ಲವೆಂದೂ ತಿಳಿದದ್ದು ಬಹಳ ವರ್ಷಗಳ ಮೇಲೆ. ನಮ್ಮ ಗುರುಗಳಿಗೂ ಅದು ತಿಳಿದಿರಲಿಲ್ಲ. ಮುಗಿದ ಸೆಲ್ಲಿಗೆ ಇನ್ನೊಂದು ಸದುಪಯೋಗ ದೊರೆಯಿತೆಂದು ಅವರು ಸಂತೋಷಪಡುತ್ತಿದ್ದರು, ನಾವೂ ಪಡುತ್ತಿದ್ದೆವು.

ಈ ಹಳೆಯ ಸಂಗತಿ ನೆನಪಾದದ್ದು ಅಕ್ಕೋಳದಲ್ಲಿರುವ ನನ್ನ ತಂಗಿಯ ಮನೆಯಲ್ಲಿ. ಅಕ್ಕೋಳ ನಿಪ್ಪಾಣಿಯ ನೆರೆಯ ಹಳ್ಳಿ. ಮೊದಲು ಚಿಕ್ಕೋಡಿ ತಾಲೂಕಿಗೆ ಸೇರಿತ್ತು, ಈಗ ನಿಪ್ಪಾಣಿ ತಾಲೂಕಿಗೆ ಸೇರಿದೆ. ಊರಿಗೂ ಆಚೆಯ ಸಿದ್ನಾಳಕ್ಕೂ ನಡುವೆ ವೇದಗಂಗೆ. ಸುತ್ತಲೂ ಕಬ್ಬು ಮತ್ತು ತಂಬಾಕು. ತಂಗಿಯ ಮಗನ ಬಳಿ ಒಂದು ವಿದ್ಯುತ್ ಸ್ಕೂಟರಿದೆ. ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದ್ದಾನೆ. ಹಳೆಯದು ಒಂದು ಗೋಣಿಚೀಲದಲ್ಲಿ ಸುತ್ತಿಕೊಂಡು ಪಡಸಾಲೆಯ ಮೂಲೆಯಲ್ಲಿ ಕುಳಿತಿತ್ತು. ಅದನ್ನು ಏನು ಮಾಡುವುದೆಂದು ನಾನು ಕೇಳಿದೆ. ಅವನಿಗೂ ಅದೇ ಪ್ರಶ್ನೆಯಂತೆ. ಮಾರಿದ ಅಂಗಡಿ ಇರುವುದು ಗಡಿಯಾಚೆಯ ಪಟ್ಟಣದಲ್ಲಿ. ಅಲ್ಲಿ ಕೇಳಿದರೆ ಹಳೆಯದನ್ನು ನಾವು ತೆಗೆದುಕೊಳ್ಳುವುದಿಲ್ಲವೆಂದು ಹೇಳಿ ಕಳಿಸಿದರಂತೆ.

ಅಷ್ಟರಲ್ಲಿ ಬೀದಿಯಲ್ಲಿ ಭಂಗಾರದವನ ಕೂಗು ಕೇಳಿಸಿತು. ಗುಜರಿ ಸಾಮಾನಿಗೆ ಈ ಸೀಮೆಯಲ್ಲಿ ಮರಾಠಿಯಿಂದ ಬಂದ 'ಭಂಗಾರ' ಎಂಬ ಹೆಸರು ರೂಢಿಯಲ್ಲಿದೆ. ಕನ್ನಡದ ಬಂಗಾರಕ್ಕೂ ಅದಕ್ಕೂ ಇರುವ ಅಂತರ ಒಂದು ಮಹಾಪ್ರಾಣದ್ದು ಮಾತ್ರ. ನಮ್ಮ ಕಡೆಯ ನಾಲಗೆಯ ಮೇಲೆ ಆ ಅಂತರವೂ ಅನೇಕ ವೇಳೆ ಉಳಿಯುವುದಿಲ್ಲ. ಅವನನ್ನು ಕರೆದು ಪೆಟ್ಟಿಗೆಯನ್ನು ತೋರಿಸಿದೆವು. ಅವನು ಅದನ್ನು ಎತ್ತಿ, ಅಲುಗಾಡಿಸಿ, ಕೆಳಗಿಟ್ಟ.

"ಸೀಸದ್ದಿದ್ರ ಕೊಡ್ರಿ ಗುರುಗಳ, ತೂಕದ ಮ್ಯಾಲ ರೊಕ್ಕಾ ಎಣಿಸ್ತೀನಿ. ಇದು ಲಿಥಿಯಂದು. ಇದಕ್ಕ ಕೇಳವ್ರಿಲ್ರಿ. ಸುಮ್ನ ಕೊಟ್ರ ಒಯ್ತೀನಿ."

"ಒಯ್ದು ಏನು ಮಾಡುತ್ತೀಯಪ್ಪ?" ಎಂದೆ.

"ಒಡೆದು ನೋಡೂದ್ರಿ. ತಾಮ್ರ ಸಿಕ್ರ ಸಿಕ್ತು. ಉಳಿದದ್ದು ಹಳ್ಳದಾಗ."

ಪರಿಸರ ಕಾಯಿದೆಗಳ ವಿಷಯವಾಗಿ ನಾನು ಓದಿರುವ ಗ್ರಂಥಗಳಲ್ಲಿ ಸಮಸ್ಯೆಯ ಮರ್ಮವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರಿಲ್ಲ. ಯಾವುದು ಭಂಗಾರ, ಯಾವುದು ಬಂಗಾರ ಎಂಬುದನ್ನು ನಿರ್ಣಯಿಸುವವನು ಅವನು. ದೆಹಲಿಯ ರಾಜಪತ್ರವಾಗಲಿ ಬೆಂಗಳೂರಿನ ಮಂಡಳಿಯಾಗಲಿ ಆ ನಿರ್ಣಯದಲ್ಲಿ ಇನ್ನೂ ಕೈಹಾಕಿಲ್ಲ. ನನ್ನ ವಾದವೆಲ್ಲ ಇಷ್ಟೇ: ನಿಯಮ ಎಷ್ಟೇ ಉತ್ತಮವಾಗಿರಲಿ, ಅದು ಈ ಮನುಷ್ಯನ ತಕ್ಕಡಿಯವರೆಗೆ ಬರಬೇಕು.

ಮೊದಲು ಸೀಸದ ಮಾತು. ವಿದ್ಯುತ್ ವಾಹನವೆಂದರೆ ಲಿಥಿಯಂ ಎಂದು ಪಟ್ಟಣದ ಓದುಗರು ಭಾವಿಸಿರಬಹುದು. ಅದು ಪೂರ್ಣ ನಿಜವಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ಎಂಬ ಪುಟ್ಟ ಕಾರು ಓಡಿದ್ದು ಸೀಸದ ಬ್ಯಾಟರಿಯಿಂದಲೇ. ಅಗ್ಗದ ಸ್ಕೂಟರುಗಳೂ ಮೂರು ಗಾಲಿಯ ಇ-ರಿಕ್ಷಾಗಳೂ ಬಹುಕಾಲ ಅದನ್ನೇ ನೆಚ್ಚಿಕೊಂಡಿದ್ದವು; ಇಂದಿಗೂ ಬಿಟ್ಟಿಲ್ಲ. ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ. ಆ ಲೋಹ 327 ಡಿಗ್ರಿ ಶಾಖಕ್ಕೆ ಕರಗಿಬಿಡುತ್ತದೆ. ಹಳ್ಳಿಯ ಕುಲುಮೆ ಅದಕ್ಕೆ ಧಾರಾಳವಾಗಿ ಸಾಕು. ಆದ್ದರಿಂದ ಅದಕ್ಕೆ ಎಂದೂ ಗಿರಾಕಿಗಳ ಕೊರತೆಯಿಲ್ಲ. ಕೈಯಲ್ಲಿ ಪೆಟ್ಟಿಗೆ ಒಡೆದು, ಗಂಧಕಾಮ್ಲವನ್ನು ಚರಂಡಿಗೆ ಚೆಲ್ಲಿ, ಫಲಕಗಳನ್ನು ಕರಗಿಸಿ ಎರಕ ಹೊಯ್ದರೆ ಸಂಜೆಯೊಳಗೆ ಹಣ. ಹೊಗೆ ಮಾತ್ರ ಊರಿನ ಪಾಲಿಗೆ. ಅದು ಧೂಳಾಗಿ ಅಂಗಳಕ್ಕಿಳಿಯುತ್ತದೆ. ಅಂಗಳದಲ್ಲಿ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸದ ವಿಷ ಕೂಡಲೇ ಬೀಳಿಸುವಂಥದಲ್ಲ. ಹುಡುಗನ ಬುದ್ಧಿ ತುಸು ಮಂದವಾಗುತ್ತದೆ, ಗಮನ ನಿಲ್ಲುವುದಿಲ್ಲ. ನಾವು ಉಪಾಧ್ಯಾಯರು ಅವನನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸುತ್ತೇವೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಹೊರಡಿಸಿದ ವರದಿಯ ಪ್ರಕಾರ ಪ್ರಪಂಚದ ಮೂರು ಮಕ್ಕಳಲ್ಲಿ ಒಂದರ, ಎಂದರೆ ಸುಮಾರು 80 ಕೋಟಿ ಮಕ್ಕಳ, ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅವರಲ್ಲಿ 27 ಕೋಟಿಗೂ ಮಿಕ್ಕಿದವರು ನಮ್ಮ ದೇಶದ ಮಕ್ಕಳು. ಕಾರಣಗಳಲ್ಲಿ ಹಳೆಯ ಬ್ಯಾಟರಿಗಳನ್ನು ಹೀಗೆ ಕರಗಿಸುವುದೂ ದೊಡ್ಡದೊಂದೆಂದು ಅದೇ ವರದಿ ಹೇಳಿತು.

ಭಂಗಾರ ಬಂಗಾರವಾದಾಗ ಆಗುವುದೇನು ಎಂಬುದಕ್ಕೆ ಆಫ್ರಿಕದ ಒಂದು ಊರನ್ನು ಹೆಸರಿಸಬೇಕು. ಸೆನೆಗಲ್ ದೇಶದ ರಾಜಧಾನಿ ಡಕಾರಿನ ಅಂಚಿನಲ್ಲಿ ತಿಯಾರೊಯ್ ಎಂಬ ಬಡಾವಣೆಯಿದೆ. ಅಲ್ಲಿ ಕಮ್ಮಾರರು ವರ್ಷಗಟ್ಟಲೆ ಹಳೆಯ ಬ್ಯಾಟರಿಗಳನ್ನು ಒಡೆದು ಮಣ್ಣಿನಲ್ಲಿ ಚೂರುಗಳನ್ನು ಬಿಟ್ಟಿದ್ದರು. ಯಾರೂ ಆ ಮಣ್ಣನ್ನು ತಿರುಗಿ ನೋಡಿರಲಿಲ್ಲ. 2007ರ ಸುಮಾರಿಗೆ ಜಗತ್ತಿನ ಪೇಟೆಯಲ್ಲಿ ಸೀಸದ ಬೆಲೆ ಏರಿತು. ಕೂಡಲೇ ಹೆಂಗಸರು ಮಣ್ಣನ್ನು ಅಗೆದು, ಜರಡಿ ಹಿಡಿದು, ಚೀಲಗಳಲ್ಲಿ ತುಂಬಿ ಮನೆಯೊಳಗಿಟ್ಟು ಮಾರತೊಡಗಿದರು. ಆ ವರ್ಷದ ನವೆಂಬರಿನಿಂದ ಮರುವರ್ಷದ ಮಾರ್ಚಿಯವರೆಗೆ ಅಲ್ಲಿ 18 ಮಕ್ಕಳು ಸತ್ತರು. ಬೆಲೆ ಎಂಬುದು ಕೈಗಳನ್ನು ಎಷ್ಟು ಬೇಗ ಕರೆಯುತ್ತದೆ, ನೋಡಿ.

ಲಿಥಿಯಮ್ಮಿನ ಕಥೆ ಇದಕ್ಕೆ ನೇರ ವಿರುದ್ಧ; ಅಲ್ಲಿ ಬೆಲೆಯಿಲ್ಲದಿರುವುದೇ ಅಪಾಯ. ಈ ಬ್ಯಾಟರಿ 1991ರಲ್ಲಿ ಪೇಟೆಗೆ ಬಂತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅದರ ಗುಣಗಳು ಲೋಕವಿದಿತ. ಆದರೆ ಇವು ಎಲ್ಲವೂ ಒಂದೇ ಜಾತಿಯವಲ್ಲ. ಒಂದು ಬಗೆಯಲ್ಲಿ ಕೋಬಾಲ್ಟ್, ನಿಕಲ್ ಇರುತ್ತವೆ. ಅವು ದುಬಾರಿ ಲೋಹಗಳು, ಅವನ್ನು ಹಿಂದಕ್ಕೆ ತೆಗೆಯುವುದರಲ್ಲಿ ಲಾಭವಿದೆ. ಇನ್ನೊಂದು ಬಗೆಯಲ್ಲಿರುವುದು ಕಬ್ಬಿಣ ಮತ್ತು ಫಾಸ್ಫೇಟು. ಇದು ಅಗ್ಗ, ಬೆಂಕಿಯ ಭಯ ಇದಕ್ಕೆ ಕಡಿಮೆ, ಬಾಳಿಕೆ ಹೆಚ್ಚು. ಆದ್ದರಿಂದ ಬಳಕೆ ವರ್ಷವರ್ಷಕ್ಕೂ ಬೆಳೆಯುತ್ತಿದೆ. ಬದುಕಿದ್ದಾಗ ಉತ್ತಮನಾದವನು ಸತ್ತ ಮೇಲೆ ಹೊರುವವರಿಲ್ಲದೆ ಬೀಳುತ್ತಾನೆ. ಕಬ್ಬಿಣಕ್ಕೂ ಫಾಸ್ಫೇಟಿಗೂ ಆಮ್ಲ ಸುರಿದು ಸೋಸುವ ಖರ್ಚು ಗಿಟ್ಟುವುದು ಕಷ್ಟ.

ಯಾವ ಜಾತಿಯದಾದರೂ ಒಡೆಯುವ ಕೈಗೆ ಅಪಾಯ ತಪ್ಪಿದ್ದಲ್ಲ. ಸ್ಕೂಟರಿಗೆ ಸಾಲದ ಬ್ಯಾಟರಿ ಸತ್ತ ಬ್ಯಾಟರಿಯಲ್ಲ. ಓಟದ ದೂರ ಕುಗ್ಗಿತೆಂದು ನಾವು ತೆಗೆದಿಟ್ಟ ಪೆಟ್ಟಿಗೆಯಲ್ಲಿ ಅನೇಕ ವೇಳೆ ಮೊದಲಿನ ಸಾಮರ್ಥ್ಯದ ಮುಕ್ಕಾಲು ಪಾಲು ಇನ್ನೂ ಉಳಿದಿರುತ್ತದೆ. ಸುತ್ತಿಗೆಯ ಪೆಟ್ಟಿಗೆ ಒಳಗಿನ ತೆಳುಪದರ ಹರಿದರೆ ಆ ಶಕ್ತಿಯೆಲ್ಲ ಒಮ್ಮೆಗೇ ಬೆಂಕಿಯಾಗುತ್ತದೆ. ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಆರಿತೆಂದುಕೊಂಡ ಮೇಲೂ ಮತ್ತೆ ಹೊತ್ತುತ್ತದೆ. ಒಳಗಿನ ದ್ರವದಲ್ಲಿ ಕರಗಿರುವ ಫ್ಲೋರಿನ್ ಲವಣಕ್ಕೆ ತೇವ ತಗುಲಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಗಾಜನ್ನೂ ಕೊರೆಯುವ ಆಮ್ಲವದು. ನಮ್ಮ ಭಂಗಾರದವನ ಉಪಕರಣಗಳು ಒಂದು ಸುತ್ತಿಗೆ, ಒಂದು ಉಳಿ. ಕೈಚೀಲ ಕೂಡ ಇರಲಿಲ್ಲ.

ಇನ್ನು ನಿಯಮದ ವಿಷಯ. ನಮ್ಮ ದೇಶದಲ್ಲಿ ಕಾನೂನಿಲ್ಲವೆಂದು ದೂರುವುದು ಸುಲಭ. ಅದು ಅನ್ಯಾಯವೂ ಹೌದು. 2001ರಲ್ಲಿಯೇ ಬ್ಯಾಟರಿಗಳ ನಿರ್ವಹಣೆಯ ನಿಯಮಗಳು ಬಂದವು. ಅವು ಸೀಸದ ಬ್ಯಾಟರಿಗೆ ಮಾತ್ರ ಅನ್ವಯಿಸುತ್ತಿದ್ದವು. ಅವುಗಳಲ್ಲಿ ಒಂದು ಸೊಗಸಾದ ಮಾತಿತ್ತು: ಗ್ರಾಹಕನು ಹಳೆಯ ಬ್ಯಾಟರಿಯನ್ನು ಹಿಂದಿರುಗಿಸಿದರೆ ಅಂಗಡಿಯವನು ತಕ್ಕಷ್ಟು ರಿಯಾಯಿತಿ ಕೊಡಬೇಕು. 'ತಕ್ಕಷ್ಟು' ಎಂದರೆ ಎಷ್ಟು ಎಂದು ಬರೆಯಲಿಲ್ಲ, ಅದಿರಲಿ. ಕೊಡುವವನನ್ನೂ ಕೊಳ್ಳುವವನನ್ನೂ ಅಂಗಡಿಯ ಕಟ್ಟೆಯ ಮೇಲೆ ಎದುರುಬದುರು ನಿಲ್ಲಿಸಿದ ನಿಯಮವದು. 2022ರ ಆಗಸ್ಟಿನಲ್ಲಿ ಅದರ ಬದಲಿಗೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದವು. ಇವು ಎಲ್ಲ ಜಾತಿಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ; ವಿದ್ಯುತ್ ವಾಹನದ ಬ್ಯಾಟರಿಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿವೆ. ಹೂಳುವುದು, ಸುಡುವುದು ನಿಷಿದ್ಧ. ತಯಾರಿಸಿದವನೂ ಆಮದು ಮಾಡಿದವನೂ ತಾನು ಪೇಟೆಗೆ ಬಿಟ್ಟದ್ದನ್ನು ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ಹೊರಬೇಕು. ಸಂಸ್ಕರಿಸುವವನು ವಾಹನದ ಬ್ಯಾಟರಿಯ ಒಣ ತೂಕದಲ್ಲಿ 2024–25ರಲ್ಲಿ ಶೇಕಡಾ 70, ಮರುವರ್ಷ 80, 2026–27ರಿಂದ 90 ಪಾಲು ವಸ್ತುವನ್ನು ಹಿಂದಕ್ಕೆ ಪಡೆಯಬೇಕು. 2027–28ರಿಂದ ಹೊಸ ಬ್ಯಾಟರಿಯಲ್ಲಿ ಶೇಕಡಾ 5ರಷ್ಟು ಹಳೆಯದರಿಂದ ಪಡೆದ ವಸ್ತು ಇರಬೇಕು. 2030–31ರ ಹೊತ್ತಿಗೆ ಅದು 20ಕ್ಕೆ ಏರಬೇಕು. ಯೋಚಿಸಿ ಬರೆದ ನಿಯಮಗಳು; ಬರೆದವರಿಗೆ ಅಭಿನಂದನೆ ಸಲ್ಲತಕ್ಕದ್ದೇ.

ಆದರೆ ಇವು ಮಾತಾಡುವುದು ಯಾರೊಡನೆ? ದೊಡ್ಡ ಕಂಪನಿಯೊಡನೆ, ದೊಡ್ಡ ಕಾರ್ಖಾನೆಯೊಡನೆ. ಹೊಣೆ ತೀರಿತೆಂಬುದಕ್ಕೆ ಗುರುತು ಒಂದು ಪ್ರಮಾಣಪತ್ರ. ಸಂಸ್ಕರಿಸುವವನು ಇಷ್ಟು ತೂಕ ಸಂಸ್ಕರಿಸಿದೆನೆಂದು ಅದನ್ನು ಪಡೆಯುತ್ತಾನೆ. ತಯಾರಕನು ಅದನ್ನು ಕೊಂಡು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ತೋರಿಸುತ್ತಾನೆ. ತೂಕಕ್ಕೆ ತೂಕ ಸರಿಹೋದರೆ ಲೆಕ್ಕ ಮುಗಿಯಿತು. ಅಕ್ಕೋಳದ ಪಡಸಾಲೆಯಲ್ಲಿರುವ ಗೋಣಿಚೀಲ ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಅದರ ತೂಕವನ್ನು ಬೇರೆ ಯಾವುದೋ ಊರಿನ ಪೆಟ್ಟಿಗೆ ತುಂಬಿಕೊಟ್ಟಿರುತ್ತದೆ. ಸಂಗ್ರಹ ಸುಲಭವಾಗಿರುವ ನಗರದಿಂದಲೇ ಕೋಟಾ ಪೂರೈಸುವುದು ಯಾವ ವ್ಯಾಪಾರಿಗೂ ಸಹಜ. ಕಾಗದದ ಮೇಲಿನ ಲೆಕ್ಕಕ್ಕೆ ಇನ್ನೊಂದು ಕಾಯಿಲೆಯೂ ಉಂಟು. ಪ್ಲಾಸ್ಟಿಕ್ ತ್ಯಾಜ್ಯಕ್ಕೂ ಇದೇ ಬಗೆಯ ಪ್ರಮಾಣಪತ್ರದ ವ್ಯವಸ್ಥೆಯಿದೆ. 2023ರಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ಕೆಲವು ಸಂಸ್ಥೆಗಳು ಆರು ಲಕ್ಷದಷ್ಟು ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದನ್ನು ಕೇಂದ್ರ ಮಂಡಳಿಯೇ ಪತ್ತೆಹಚ್ಚಿತು. ಪ್ಲಾಸ್ಟಿಕ್ಕಿಗೆ ಆದದ್ದು ಬ್ಯಾಟರಿಗೆ ಆಗದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಗ್ರಾಹಕನಿಗೂ ನಿಯಮ ಒಂದು ಕರ್ತವ್ಯವನ್ನು ವಿಧಿಸಿದೆ. ಅವನು ಹಳೆಯ ಬ್ಯಾಟರಿಯನ್ನು ಬೇರೆ ಕಸದೊಡನೆ ಬೆರೆಸದೆ, ಸಂಗ್ರಹಿಸುವವರಿಗೋ ಸಂಸ್ಕರಿಸುವವರಿಗೋ ಒಪ್ಪಿಸಬೇಕು. ನನ್ನ ಸೋದರಳಿಯ ಕಾನೂನನ್ನು ಗೌರವಿಸುವ ಹುಡುಗ. ಒಪ್ಪಿಸಲು ಸಿದ್ಧನಾಗಿದ್ದಾನೆ. ಎಲ್ಲಿ, ಯಾರಿಗೆ ಎಂಬುದಷ್ಟೇ ಉಳಿದಿದೆ. ತಯಾರಕನು ಮರುಖರೀದಿಯನ್ನೋ ಠೇವಣಿ ವಾಪಸಿನ ಪದ್ಧತಿಯನ್ನೋ ನಡೆಸಬಹುದೆಂದು 2022ರ ನಿಯಮ ಹೇಳುತ್ತದೆ. ನಡೆಸಬೇಕೆಂದು ಹೇಳುವುದಿಲ್ಲ. ಕನ್ನಡ ವ್ಯಾಕರಣದಲ್ಲಿ 'ಬಹುದು' ಮತ್ತು 'ಬೇಕು' ಎರಡೂ ಚಿಕ್ಕ ಮಾತುಗಳು. ಆದರೆ ಒಂದು ಪೆಟ್ಟಿಗೆ ಕಾರ್ಖಾನೆ ಸೇರುವುದೋ ಹಳ್ಳ ಸೇರುವುದೋ ಎಂಬುದು ಅವುಗಳ ನಡುವಿನ ಆಯ್ಕೆಯ ಮೇಲೆ ನಿಂತಿದೆ.

ಅಡುಗೆ ಅನಿಲದ ಖಾಲಿ ಸಿಲಿಂಡರೊಂದನ್ನು ಯಾರಾದರೂ ಹಳ್ಳಕ್ಕೆ ಎಸೆದದ್ದನ್ನು ವಾಚಕರು ಕಂಡಿದ್ದಾರೆಯೆ? ನಾನಂತೂ ಕಂಡಿಲ್ಲ. ಅದಕ್ಕಾಗಿ ಯಾವ ಜಾಗೃತಿ ಸಪ್ತಾಹವೂ ನಡೆದಿಲ್ಲ, ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆಯೂ ಆಗಿಲ್ಲ. ಸಿಲಿಂಡರಿನ ಮೇಲೆ ನಮ್ಮ ಠೇವಣಿ ಇದೆ. ಖಾಲಿಯದನ್ನು ಕೊಡದೆ ತುಂಬಿದ್ದು ಸಿಗುವುದಿಲ್ಲ. ಅಷ್ಟು ಸಾಕಾಯಿತು. ಮಳೆ ಬಂದರೆ ಅದನ್ನು ಒಳಗಿಟ್ಟುಕೊಳ್ಳುತ್ತೇವೆ, ಕಳ್ಳರಿಂದ ಕಾಯುತ್ತೇವೆ. ಸೋಡಾ ಬಾಟಲಿಗೂ ಒಂದು ಕಾಲದಲ್ಲಿ ಇದೇ ಮರ್ಯಾದೆಯಿತ್ತು. ವಾಹನದ ಪ್ರತಿಯೊಂದು ಬ್ಯಾಟರಿಯ ಮೇಲೂ ಮಾರುವಾಗಲೇ ಒಂದು ಠೇವಣಿಯನ್ನು ಕಡ್ಡಾಯವಾಗಿ ಹಿಡಿಯಬೇಕೆಂದು ನಾನು ಹೇಳುತ್ತೇನೆ. ಅದು ಕೊಂಡವನ ಹೆಸರಿಗೆ ಅಂಟಿಕೊಂಡಿರಬಾರದು. ಸ್ಕೂಟರು ಎರಡನೆಯ ಕೈಗೆ, ಮೂರನೆಯ ಕೈಗೆ ಹೋಗುತ್ತದೆ, ರಸೀದಿ ಕಳೆದುಹೋಗುತ್ತದೆ. ಒಡೆಯದ ಪೆಟ್ಟಿಗೆಯನ್ನು ಯಾರು ತಂದೊಪ್ಪಿಸಿದರೆ ಅವರಿಗೆ ಹಣ. ಭಂಗಾರದವನು ತಂದರೆ ಭಂಗಾರದವನಿಗೆ. ಅವನನ್ನು ಈ ವ್ಯವಹಾರದಿಂದ ಓಡಿಸಬೇಕೆನ್ನುವವರಿದ್ದಾರೆ. ಅವರು ಅವನನ್ನು ಕಂಡಿಲ್ಲ. ಊರ ಪ್ರತಿಯೊಂದು ಮನೆಯ ಹಿತ್ತಲನ್ನೂ ಬಲ್ಲ ಇಂಥ ನೌಕರ ಯಾವ ಮಂಡಳಿಯಲ್ಲೂ ಇಲ್ಲ. ಅವನ ಪಗಾರವನ್ನು ಆ ಠೇವಣಿಯೇ ಕೊಡುತ್ತದೆ. ಒಡೆದದ್ದಕ್ಕಿಂತ ಒಡೆಯದ್ದಕ್ಕೆ ಹೆಚ್ಚು ಹಣ ಬರುವುದಾದರೆ ಸುತ್ತಿಗೆಯನ್ನು ಕೆಳಗಿಡಲು ಅವನಿಗೆ ಉಪದೇಶ ಬೇಕಾಗುವುದಿಲ್ಲ.

ಠೇವಣಿಯ ಭಾರ ಬಡ ಗ್ರಾಹಕನ ಮೇಲೆ ಬೀಳುವುದಲ್ಲವೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಬೆಲೆ ಬೇರೆ, ಠೇವಣಿ ಬೇರೆ. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವವನಿಗೆ ಎರಡನೆಯ ಸಲ ಏನೂ ಹೊರೆಯಿಲ್ಲ. ಮೊದಲ ಸಲದ ಹೊರೆ ನಿಜ. ಕರ್ನಾಟಕ ಸರಕಾರ 2017ರಲ್ಲಿ, ದೇಶದ ರಾಜ್ಯಗಳಲ್ಲೇ ಮೊದಲನೆಯದಾಗಿ, ವಿದ್ಯುತ್ ವಾಹನದ ನೀತಿಯನ್ನು ಪ್ರಕಟಿಸಿತು. ಈ ಉದ್ಯಮಕ್ಕೆ ಅಂದಿನಿಂದಲೂ ನಾನಾ ಬಗೆಯ ಪ್ರೋತ್ಸಾಹ ದೊರೆತಿದೆ. ಹುಟ್ಟಿಗೆ ಕೊಟ್ಟ ಪ್ರೋತ್ಸಾಹದಲ್ಲಿ ಒಂದು ಚೂರನ್ನು ಅಂತ್ಯಸಂಸ್ಕಾರಕ್ಕೂ ತೆಗೆದಿಡಬಾರದೆ? ಉದ್ಯಮ ಇನ್ನೂ ಎಳೆಯದು, ಕಟ್ಟುಪಾಡು ಬೇಡ ಎಂಬ ಮಾತನ್ನು ನಾನು ಒಪ್ಪಲಾರೆ. ನಿಪ್ಪಾಣಿಯ ಸುತ್ತಿನವರಿಗೆ ಎಳೆಯ ಉದ್ಯಮಗಳು ಬೇಗ ಬೆಳೆಯುತ್ತವೆಂಬುದೂ, ಬೆಳೆದ ಮೇಲೆ ಕೆಳಗಿನವರ ಮಾತು ಕೇಳುವುದಿಲ್ಲವೆಂಬುದೂ ತಂಬಾಕಿನಿಂದ ಗೊತ್ತಾಗಿದೆ. 1981ರಲ್ಲಿ ಇಲ್ಲಿನ ರೈತರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕೂರಬೇಕಾಯಿತು.

ಗಡಿಯ ತೊಡಕು ನಮ್ಮ ಭಾಗಕ್ಕೆ ವಿಶೇಷವಾದದ್ದು. ಇಲ್ಲಿಯ ಜನ ಸಂತೆಗೆ ಒಂದು ರಾಜ್ಯಕ್ಕೆ, ಕಚೇರಿಗೆ ಇನ್ನೊಂದು ರಾಜ್ಯಕ್ಕೆ ಹೋಗುವವರು. ಕೊಲ್ಹಾಪುರದಲ್ಲಿ ಕೊಂಡ ಬ್ಯಾಟರಿ ಅಕ್ಕೋಳದಲ್ಲಿ ಸವೆಯುತ್ತದೆ. ಅಕ್ಕೋಳದ ಭಂಗಾರ ರಾತ್ರಿಯ ಟೆಂಪೋದಲ್ಲಿ ಗಡಿ ದಾಟುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳು ಮಾತ್ರ ಎರಡು. ಸಂಸ್ಕರಣ ಕಾರ್ಖಾನೆಗೆ ಸಮ್ಮತಿ ಕೊಡುವ ಮಂಡಳಿ ಒಂದಾದರೆ, ಹಳ್ಳದಲ್ಲಿ ಬಿದ್ದ ಪೆಟ್ಟಿಗೆಗೆ ಉತ್ತರ ಹೇಳಬೇಕಾದ ಮಂಡಳಿ ಮತ್ತೊಂದು. ಯಾವ ಹಳ್ಳಿ ಯಾರದೆಂಬ ಹಳೆಯ ವ್ಯಾಜ್ಯವನ್ನು ಇಲ್ಲಿ ಎತ್ತುವ ಇಚ್ಛೆ ನನಗಿಲ್ಲ. ಧಾರಕನಿಗೆ ಸಲ್ಲುವ ನೋಟು ನಿಪ್ಪಾಣಿಯಲ್ಲಿಯೂ ಕಾಗಲಿನಲ್ಲಿಯೂ ನಡೆಯುತ್ತದೆ. ಬ್ಯಾಟರಿಯ ಠೇವಣಿಯೂ ಹಾಗೆಯೇ ಎರಡೂ ಕಡೆ ನಡೆಯಬೇಕೆಂದಷ್ಟೇ ಹೇಳುತ್ತೇನೆ. ಅದಕ್ಕೆ ಪ್ರತಿ ಪೆಟ್ಟಿಗೆಗೂ ಅಳಿಸಲಾಗದ ಒಂದು ಸಂಖ್ಯೆ ಬೇಕು. ಇದು ಕನಸಿನ ಮಾತಲ್ಲ. ಚೀನ 2018ರಲ್ಲಿಯೇ ವಾಹನದ ಬ್ಯಾಟರಿಗಳ ಜಾಡು ಹಿಡಿಯುವ ರಾಷ್ಟ್ರೀಯ ವ್ಯವಸ್ಥೆಯನ್ನು ಆರಂಭಿಸಿತು. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು, 2027ರ ಫೆಬ್ರುವರಿ 18ರಿಂದ ಪ್ರತಿಯೊಂದು ವಾಹನದ ಬ್ಯಾಟರಿಗೂ ಒಂದು 'ಪಾಸ್‌ಪೋರ್ಟ್' ಇರಬೇಕೆಂದು ವಿಧಿಸಿದೆ. ಅದರ ಜಾತಿ, ಜನ್ಮಸ್ಥಾನ, ಆರೋಗ್ಯ ಎಲ್ಲವೂ ಅದರಲ್ಲಿ ದಾಖಲು. ನಮ್ಮ ದೇಶದ ಎಷ್ಟೋ ಮನುಷ್ಯರ ಬಳಿ ಇಲ್ಲದ ಕಾಗದ ಅಲ್ಲಿ ಬ್ಯಾಟರಿಗಿದೆ!

ಈ ಹಳೆಯ ಪೆಟ್ಟಿಗೆಗಳನ್ನು ದೇಶದ ಸಂಪತ್ತೆಂದು ನೋಡುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ದೊರೆಯಿತೆಂದು 2020ರಲ್ಲಿ ದೊಡ್ಡ ಸುದ್ದಿಯಾಯಿತು. ಅಣು ಖನಿಜ ಇಲಾಖೆ ಆ ಬಳಿಕ ಅಂದಾಜಿಸಿದ್ದು 1,600 ಟನ್ನು. ಲಿಥಿಯಮ್ಮಿಗೆ ನಾವು ಹೊರದೇಶಗಳ ಮುಖ ನೋಡುವುದು ಅದರಿಂದ ತಪ್ಪಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ, ಇಂಥ ತ್ಯಾಜ್ಯದಿಂದ ಮುಖ್ಯ ಖನಿಜಗಳನ್ನು ಹಿಂದಕ್ಕೆ ಪಡೆಯುವ ಕಾರ್ಖಾನೆಗಳಿಗೆಂದು 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯನ್ನು ಒಪ್ಪಿತು. ಗಿರಣಿ ಹಾಕುವುದಕ್ಕೆ ಹಣವಾಯಿತು. ಕಾಳು ಗಿರಣಿಯವರೆಗೆ ಬರುವ ದಾರಿಗೆ ಯಾರು ಹಣ ಕೊಡುತ್ತಾರೆ?

ಆ ದಾರಿಯಲ್ಲಿ ಒಂದು ನದಿಯೂ ಇದೆ. ವೇದಗಂಗೆ ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ ಹುಟ್ಟಿ, ನಮ್ಮ ಕಡೆ ಇಳಿದು, ದೂಧಗಂಗೆಯನ್ನು ಕೂಡಿ ಕೃಷ್ಣೆಗೆ ಸೇರುತ್ತದೆ. ಮಳೆಗಾಲದಲ್ಲಿ ಅಕ್ಕೋಳ-ಸಿದ್ನಾಳ ಸೇತುವೆ ಮುಳುಗುವುದು ನಮಗೆ ಸುದ್ದಿಯೇ ಅಲ್ಲ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಅದೇ ನೀರು ಯಮಗರ್ಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯನ್ನೇ ನಿಲ್ಲಿಸಿತು. ಹಳ್ಳದಲ್ಲಿ ಎಸೆದದ್ದು ಹಳ್ಳದಲ್ಲೇ ಇರುತ್ತದೆಂದು ತಿಳಿಯುವವರು ಒಮ್ಮೆ ಆ ನೀರನ್ನು ನೋಡಬೇಕು. ಅದು ಹಿತ್ತಲುಗಳನ್ನೂ ತಿಪ್ಪೆಗಳನ್ನೂ ಗುಜರಿ ಅಂಗಡಿಗಳ ಅಂಗಳಗಳನ್ನೂ ತೊಳೆದುಕೊಂಡು, ಕಬ್ಬಿನ ಗದ್ದೆಗಳ ಮೇಲೆ ಹಾದು, ಕುಡಿಯುವ ನೀರಿನ ಬಾವಿಗಳನ್ನು ತುಂಬಿ ಹೋಗುತ್ತದೆ.

ಭಂಗಾರದವನಿಗೆ ಅಂದು ಪೆಟ್ಟಿಗೆಯನ್ನು ಕೊಡಲಿಲ್ಲ. ಅವನು ಒಂದು ಹಳೆಯ ಕಬ್ಬಿಣದ ಬಾಣಲೆಯನ್ನು ತೂಗಿ ಹಣ ಕೊಟ್ಟು, ಚಹಾ ಕುಡಿದು ಹೋದ. 2019ರಲ್ಲಿ ನೀರು ಹಿತ್ತಲವರೆಗೆ ಬಂದದ್ದು ತಂಗಿಗೆ ನೆನಪಿದೆ. ಮಳೆ ಹಿಡಿಯುವ ಮುಂಚೆ ಮಗನಿಂದ ಆ ಗೋಣಿಚೀಲವನ್ನು ಎತ್ತಿಸಿ ಅಟ್ಟಕ್ಕೆ ಏರಿಸಿದಳು. ಅಲ್ಲಿ ಒಣಗಿದ ತಂಬಾಕಿನ ಕಟ್ಟುಗಳಿದ್ದವು. ಬೆಂಕಿಯ ವಿಷಯವನ್ನು ನಾನು ಹೇಳಿದ ಮೇಲೆ ಕಟ್ಟುಗಳನ್ನು ಕೆಳಗಿಳಿಸಿದರು. ಮೊನ್ನೆ ಫೋನಿನಲ್ಲಿ, "ಅಣ್ಣಾ, ಅದನ್ನ ಯಾರರೆ ಒಯ್ಯವ್ರು ಸಿಕ್ರೇನ?" ಎಂದು ಕೇಳಿದಳು. ಇನ್ನೂ ಇಲ್ಲವೆಂದೆ. ತಂಬಾಕು ಈಗ ಪಡಸಾಲೆಯಲ್ಲಿದೆ, ಬ್ಯಾಟರಿ ಅಟ್ಟದಲ್ಲಿದೆ.